ಸಣ್ಣ ಕಾರಿಗೆ ಸೆಕೆಂಡ್ ಹ್ಯಾಂಡ್ ಸೀಟ್ ಬೆಲ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರುತಿ 800, ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಐ10 ಇಂಥ ಕಾರುಗಳ ಸೀಟ್ ಬೆಲ್ಟ್ ಕೈಕೊಟ್ಟರೆ ಹೆಚ್ಚಿನವರು ನೇರ ಗುಜರಿಗೆ ಹೋಗುತ್ತಾರೆ. ಡೋರ್, ಕನ್ನಡಿ, ಹೆಡ್‌ಲೈಟ್ ತಂದ ಹಾಗೆ ಬೆಲ್ಟನ್ನೂ ತರುತ್ತಾರೆ. ಆದರೆ ಡೋರ್ ಸರಿಯಾಗಿ ಕೂರದಿದ್ದರೆ ಅದು ಕಣ್ಣಿಗೆ ಕಾಣುತ್ತದೆ. ಬೆಲ್ಟ್ ಸರಿಯಿಲ್ಲ ಎನ್ನುವುದು ಅಪಘಾತದ ಕ್ಷಣದವರೆಗೂ ಗೊತ್ತಾಗದೆ ಉಳಿಯಬಹುದು. ಅದಕ್ಕೇ ಇಷ್ಟು ವಿವರ.

ಸೆಕೆಂಡ್ ಹ್ಯಾಂಡ್ ಬೆಲ್ಟ್ ಹಾಕಿಸಬಹುದೇ?

ಕೆಲವು ಸಂದರ್ಭದಲ್ಲಿ ಮಾತ್ರ. ಕಂಪನಿಯ ಹೊಸ ಬೆಲ್ಟ್ ಸಿಗುವ ಕಾರಾದರೆ ಮುಂದಿನ ಎರಡು ಸೀಟಿಗೆ ಹೊಸದನ್ನೇ ಹಾಕಿಸಿ. ಪ್ರಿಟೆನ್ಷನರ್ (ಡಿಕ್ಕಿಯಾದಾಗ ಮದ್ದು ಸಿಡಿಸಿ ಬೆಲ್ಟ್ ಬಿಗಿಯುವ ಸಾಧನ) ಇರುವ ಬೆಲ್ಟಾದರೆ ಹಳೆಯದನ್ನು ಮುಟ್ಟಲೇಬೇಡಿ, ಕಾರಣ ಮುಂದೆ ಬರುತ್ತದೆ. ಯೂರೋಪಿನಲ್ಲಿ ಹೊಸ ವಾಹನ ತಯಾರಿಕೆಗೆ ಮರುಬಳಕೆ ಮಾಡಬಾರದ ಭಾಗಗಳ ಯಾದಿಯೊಂದಿದೆ. 2005ರ ಆ ಯಾದಿಯಲ್ಲಿ ಏರ್‌ಬ್ಯಾಗ್ ಜೊತೆಗೆ ಸೀಟ್ ಬೆಲ್ಟಿನ ಬಟ್ಟೆಯ ಪಟ್ಟಿ, ಬಕಲ್, ಪಟ್ಟಿ ಸುತ್ತಿಕೊಳ್ಳುವ ರೀಲ್ ಎಲ್ಲವೂ ಸೇರಿವೆ.

ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಅಂಥ ಹಳೆಯ ಕಾರುಗಳಿಗೆ ಹೊಸ ಬೆಲ್ಟ್ ಎಲ್ಲ ಕಡೆ ಸಿಗುವುದಿಲ್ಲ. ಆಗ, ಎಂದೂ ಅಪಘಾತವಾಗದ ಕಾರಿನಿಂದ ನಿಮ್ಮ ಕಣ್ಣೆದುರೇ ಬಿಚ್ಚಿದ, ಸ್ಫೋಟಕವಿಲ್ಲದ ಸಾದಾ ಬೆಲ್ಟ್ ಒಪ್ಪಬಹುದಾದ ಆಯ್ಕೆ. ಬೆಲ್ಟೇ ಇಲ್ಲದೆ ಓಡಿಸುವುದಕ್ಕಿಂತ, ಹರಿದದ್ದನ್ನು ಹೊಲಿಸಿಕೊಂಡು ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ನನ್ನ ಬೆಲ್ಟ್ ಸರಿಯಾಗಿ ಒಳಗೆ ಹೋಗುತ್ತಿಲ್ಲ. ಬದಲಿಸಲೇಬೇಕೇ?

ಬದಲಿಸುವ ಮುಂಚೆ ತೊಳೆದು ನೋಡಿ. ಭುಜದ ಮೇಲ್ಗಡೆ ಬೆಲ್ಟ್ ಹಾದುಹೋಗುವ ಬಳೆಯನ್ನು ಗಮನಿಸಿ. ವರ್ಷಗಟ್ಟಲೆ ಬೆವರು, ಎಣ್ಣೆ, ಧೂಳು ಸೇರಿ ಅಲ್ಲಿ ಕಪ್ಪು ಮೇಣದಂಥ ಪದರ ಕಟ್ಟಿರುತ್ತದೆ. ಬೆಲ್ಟ್ ಅದಕ್ಕೆ ಅಂಟಿಕೊಂಡು ನಿಧಾನವಾಗುತ್ತದೆ, ಆದರೆ ಸ್ಪ್ರಿಂಗ್ ಸೋತಿದೆ ಎಂದು ನಾವು ತಿಳಿಯುತ್ತೇವೆ.

ಬೆಲ್ಟನ್ನು ಪೂರ್ತಿ ಎಳೆದು, ರೀಲಿನ ಹತ್ತಿರ ಬಟ್ಟೆ ಒಣಗಿಸುವ ಗಟ್ಟಿ ಕ್ಲಿಪ್ ಹಾಕಿ ನಿಲ್ಲಿಸಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸಾದಾ ಸೋಪಿನಿಂದ ಪಟ್ಟಿಯನ್ನು ಒರೆಸಿ. ಬಳೆಯ ಒಳಮೈಯನ್ನು ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಿಂದ ಉಜ್ಜಿ. ಪೂರ್ತಿ ಒಣಗುವವರೆಗೆ ಒಳಗೆ ಬಿಡಬೇಡಿ, ಒದ್ದೆ ಪಟ್ಟಿ ರೀಲಿನೊಳಗೆ ಹೋದರೆ ತುಕ್ಕು, ಬೂಷ್ಟು ಎರಡೂ ಶುರು. ಬ್ಲೀಚ್, ಪೆಟ್ರೋಲ್, ಥಿನ್ನರ್ ಹತ್ತಿರ ತರಬೇಡಿ.

ಇನ್ನೊಂದು ದೂರು: ಕಾರನ್ನು ತೀರಾ ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಬೆಲ್ಟ್ ಹೊರಗೆ ಬರುವುದೇ ಇಲ್ಲ. ಅದು ದೋಷವಲ್ಲ, ರೀಲು ತನ್ನ ಕೆಲಸ ಮಾಡುತ್ತಿದೆ. ಸಮತಟ್ಟಾದ ಜಾಗಕ್ಕೆ ತಂದು ನೋಡಿ.

ನನ್ನ ಕಾರಿಗೆ ಯಾವ ಬೆಲ್ಟ್ ಸರಿ ಎಂದು ತಿಳಿಯುವುದು ಹೇಗೆ?

ಕಾರಿನ ಹೆಸರು ಸಾಲದು. 2000ರಲ್ಲಿ ಬಂದ ಆಲ್ಟೊ ಬೇರೆ, 2012ರ ಅಕ್ಟೋಬರಿನಲ್ಲಿ ಬಂದ ಆಲ್ಟೊ 800 ಬೇರೆ, ಕೆ10 ಇನ್ನೂ ಬೇರೆ. ವ್ಯಾಗನ್ ಆರ್ 2010ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಪೂರ್ತಿ ಬದಲಾಯಿತು. ಅಂಗಡಿಯವರು ‘ಆಲ್ಟೊದೇ ಸಾರ್, ಕೂರುತ್ತೆ’ ಎಂದರೆ ಯಾವ ಆಲ್ಟೊ ಎಂದು ಕೇಳಬೇಕು.

ಕೈಯಲ್ಲಿರಬೇಕಾದದ್ದು ಇಷ್ಟು: ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷ, ಚಾಸಿ ನಂಬರ್, ವೇರಿಯಂಟ್, ಹಳೆಯ ಬೆಲ್ಟಿನ ಮೇಲಿರುವ ಪಾರ್ಟ್ ನಂಬರ್. ಪಾರ್ಟ್ ನಂಬರ್ ಸಾಮಾನ್ಯವಾಗಿ ಬೆಲ್ಟಿನ ಕೆಳತುದಿಯಲ್ಲಿ ಹೊಲಿದ ಚೀಟಿಯಲ್ಲೋ ರೀಲಿನ ಮೇಲೆ ಅಂಟಿಸಿದ ಕಾಗದದಲ್ಲೋ ಇರುತ್ತದೆ. ಸುಝುಕಿ ನಂಬರುಗಳು ಐದು ಅಂಕಿ, ಆಮೇಲೆ ಅಂಕಿ–ಅಕ್ಷರ ಬೆರೆತ ಭಾಗ, ಕೊನೆಗೆ ಮೂರಕ್ಷರದ ಬಣ್ಣದ ಕೋಡ್ ಎಂಬ ರೂಪದಲ್ಲಿರುತ್ತವೆ. ಬಣ್ಣದ ಕೋಡಿಗಿಂತ ಮುಂಚಿನದೆಲ್ಲ ಹೊಂದಬೇಕು. ಬಣ್ಣದ ಕೋಡ್ ಬೇರೆಯಾದರೆ ಕಪ್ಪಿನ ಜಾಗದಲ್ಲಿ ಬೂದು ಬಣ್ಣ ಬರುತ್ತದೆ ಅಷ್ಟೇ.

ಹಳೆಯ ಚೀಟಿ ಅಳಿಸಿದ್ದರೆ ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಚಾಸಿ ನಂಬರ್ ಕೊಟ್ಟು ನಂಬರ್ ತೆಗೆಸಿಕೊಳ್ಳಿ. ಹಾಗೆಯೇ ಹೊಸದರ ಬೆಲೆಯನ್ನೂ ಕೇಳಿಬಿಡಿ. ಆ ಬೆಲೆ ಗೊತ್ತಿಲ್ಲದೆ ಗುಜರಿಯಲ್ಲಿ ಚೌಕಾಸಿಗೆ ಇಳಿದರೆ ಹಳೆಯದಕ್ಕೇ ಹೊಸದರ ಹತ್ತಿರದ ಹಣ ಕೊಟ್ಟುಬರುವ ಸಂಭವ ಇದೆ.

ಎಡಗಡೆಯ ಬೆಲ್ಟ್ ಚೆನ್ನಾಗಿದೆ. ಅದನ್ನು ಡ್ರೈವರ್ ಕಡೆಗೆ ಹಾಕಬಹುದೇ?

ಆಗದು. ಹೀಗೆ ಮಾಡುವವರು ಬಹಳ, ಏಕೆಂದರೆ ಗುಜರಿಗೆ ಬರುವ ಕಾರುಗಳಲ್ಲಿ ಎಡಗಡೆಯ ಬೆಲ್ಟ್ ಕಡಿಮೆ ಸವೆದಿರುತ್ತದೆ. ಆದರೆ ಎಡ–ಬಲದ ರೀಲುಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುತ್ತವೆ.

ರೀಲಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದೊಳಗೆ ಚಿಕ್ಕ ಬಟ್ಟಲು, ಬಟ್ಟಲಲ್ಲಿ ಉಕ್ಕಿನ ಗುಂಡು ಇರುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಗುಂಡು ಬಟ್ಟಲಿನ ಅಂಚಿಗೆ ಏರಿ ಮೇಲಿನ ಕೊಕ್ಕೆಯನ್ನು ಎತ್ತುತ್ತದೆ, ಕೊಕ್ಕೆ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ರೀಲು ನಿಲ್ಲುತ್ತದೆ. ಆ ಬಟ್ಟಲು ನೆಲಕ್ಕೆ ಸಮತಲವಾಗಿದ್ದರೆ ಮಾತ್ರ ಈ ಲೆಕ್ಕ ಸರಿ. ರೀಲು ಕೂರುವ ಪಿಲ್ಲರ್, ಅಂದರೆ ಬಾಗಿಲ ಪಕ್ಕದ ಕಂಬ, ಓರೆಯಾಗಿರುವುದರಿಂದ ಕಂಪನಿಯವರು ಪ್ರತಿ ಕಾರಿಗೆ, ಪ್ರತಿ ಬದಿಗೆ ಬಟ್ಟಲಿನ ಕೋನವನ್ನು ಬೇರೆಯಾಗಿ ಕೂರಿಸಿರುತ್ತಾರೆ.

ಸೀಟ್ ಬೆಲ್ಟ್ ಕುರಿತ ವಿಶ್ವಸಂಸ್ಥೆಯ 16ನೇ ನಿಯಮಾವಳಿಯ ಪ್ರಕಾರ ಸಾಮಾನ್ಯ ರೀಲು ತನ್ನ ಅಳವಡಿಕೆಯ ಸ್ಥಿತಿಯಿಂದ 12 ಡಿಗ್ರಿಯವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ಮೀರಿದರೆ ಆಗಲೇಬೇಕು. ಬೇರೆ ಕಾರಿನ ಅಥವಾ ಬೇರೆ ಬದಿಯ ರೀಲು ಹಾಕಿದರೆ ಈ ಅಂತರವೇ ತಿಂದುಹೋಗುತ್ತದೆ. ಒಂದೋ ಬೆಲ್ಟ್ ಸದಾ ಲಾಕ್ ಆಗಿಯೇ ಇರುತ್ತದೆ, ಇಲ್ಲವೇ ಒಂದು ದಿಕ್ಕಿನಲ್ಲಿ ತಡವಾಗಿ ಹಿಡಿಯುತ್ತದೆ. ಎರಡನೆಯದೇ ಹೆಚ್ಚು ಅಪಾಯ, ದಿನನಿತ್ಯದ ಓಡಾಟದಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಬ್ರಾಕೆಟಿನ ಮೂತಿ ಅರದಲ್ಲಿ ಉಜ್ಜಿ, ಬಗ್ಗಿಸಿ ಕೂರಿಸಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳಿದರೆ ಬೇಡ ಎನ್ನಿ. ಆ ಮೂತಿ ಇರುವುದೇ ತಪ್ಪು ರೀಲು ಕೂರದಿರಲಿ ಎಂದು.

ಅಂಗಡಿಯಲ್ಲೇ ರೀಲು ಪರೀಕ್ಷಿಸುವುದು ಹೇಗೆ?

ಕೈಯಲ್ಲಿ ಹೇಗೆಂದರೆ ಹಾಗೆ ಹಿಡಿದು ಎಳೆದರೆ ಒಳ್ಳೆಯ ರೀಲು ಕೂಡ ಬರುವುದಿಲ್ಲ. ಕಾರಿನಲ್ಲಿ ಕೂರುವ ಭಂಗಿಯಲ್ಲೇ ಹಿಡಿಯಿರಿ. ನಿಧಾನಕ್ಕೆ ಎಳೆಯಿರಿ: ಸಲೀಸಾಗಿ ಬರಬೇಕು. ತಟ್ಟನೆ ಜಗ್ಗಿ: ‘ಟಕ್’ ಎಂದು ನಿಲ್ಲಬೇಕು. ಬಿಟ್ಟು, ಮತ್ತೆ ನಿಧಾನಕ್ಕೆ ಎಳೆಯುತ್ತ ರೀಲನ್ನು ಮುಂದಕ್ಕೆ, ಹಿಂದಕ್ಕೆ, ಎರಡೂ ಪಕ್ಕಕ್ಕೆ ಓರೆ ಮಾಡಿ. ನಾಲ್ಕೂ ದಿಕ್ಕಿನಲ್ಲಿ ಹಿಡಿಯಬೇಕು. ಒಂದು ದಿಕ್ಕಿನಲ್ಲಿ ಜಾರಿದರೂ ಅದು ಬೇಡ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಂಡಿನ ಸಣ್ಣ ಕಟಕಟ ಸದ್ದು ಕೇಳಬೇಕು. ಕೇಳದಿದ್ದರೆ ಒಳಗೆ ಕೆಸರೋ ತುಕ್ಕೋ ಕೂತಿರಬಹುದು.

ಬಳಿಕ ಪಟ್ಟಿಯನ್ನು ಕೊನೆಯವರೆಗೂ ಹೊರತೆಗೆಯಿರಿ. ಯಾರೂ ನೋಡದ ಆ ಕೊನೆಯ ಒಂದೆರಡು ಗೇಣಿನಲ್ಲೇ ನೀರಿನ ಕಲೆ, ಬೂಷ್ಟು, ಇಲಿ ಕಡಿದ ಗುರುತು ಅಡಗಿರುತ್ತವೆ. ಪೂರ್ತಿ ಎಳೆದ ಮೇಲೆ ಒಳಗೆ ಹೋಗುವಾಗ ‘ಟಿಕ್ ಟಿಕ್’ ಸದ್ದಾಗಿ ಮತ್ತೆ ಹೊರಬರದಿದ್ದರೆ ಗಾಬರಿ ಬೇಡ. ಮಕ್ಕಳ ಸೀಟನ್ನು ಬಿಗಿಯಲೆಂದು ಕೆಲವು ಬೆಲ್ಟುಗಳಲ್ಲಿ ಈ ವ್ಯವಸ್ಥೆ ಇರುತ್ತದೆ, ಪೂರ್ತಿ ಒಳಗೆ ಹೋದ ಮೇಲೆ ಅದು ತಾನಾಗಿ ಬಿಡುತ್ತದೆ.

ಅಪಘಾತವಾದ ಕಾರಿನ ಬೆಲ್ಟ್ ಎಂದು ಗುರುತಿಸುವುದು ಹೇಗೆ?

ಒಮ್ಮೆ ಅಪಘಾತದಲ್ಲಿ ಮನುಷ್ಯನ ದೇಹವನ್ನು ತಡೆದು ಹಿಡಿದ ಬೆಲ್ಟಿನ ಆಯುಷ್ಯ ಅಲ್ಲಿಗೇ ಮುಗಿಯಿತು. ನೂಲು ಹಿಗ್ಗಿರುತ್ತದೆ, ಮತ್ತೊಮ್ಮೆ ಅಷ್ಟೇ ಹಿಗ್ಗಿ ಪೆಟ್ಟನ್ನು ನುಂಗುವ ಶಕ್ತಿ ಅದಕ್ಕಿಲ್ಲ.

ಮೊದಲು ಬಕಲಿಗೆ ಸಿಕ್ಕಿಸುವ ಲೋಹದ ನಾಲಿಗೆಯನ್ನು ಬೆಳಕಿಗೆ ಹಿಡಿಯಿರಿ. ಪಟ್ಟಿ ಹಾದುಹೋಗುವ ಸೀಳಿನ ಪ್ಲಾಸ್ಟಿಕ್ ಮೇಲೆ ಉದ್ದುದ್ದ ಗೀರು, ಕರಗಿ ಮತ್ತೆ ಗಟ್ಟಿಯಾದಂಥ ಹೊಳಪು ಕಂಡರೆ ಅದು ಅಪಘಾತದ ಗುರುತು. ಭುಜದ ಬಳೆಯಲ್ಲೂ ಹಾಗೆಯೇ ಕರಗಿದ ಪಟ್ಟೆ ಇರುತ್ತದೆ. ಅದಕ್ಕೆ ಜೋಡಿಯಾಗಿ ಪಟ್ಟಿಯ ಮೇಲೆ ಒಂದು ಕಡೆ ಗಟ್ಟಿಯಾದ, ಹೊಳೆಯುವ ಮಚ್ಚೆ ಇರುತ್ತದೆ. ಬೆರಳಾಡಿಸಿದರೆ ಅಲ್ಲಿ ಬಟ್ಟೆಯ ಮೆತ್ತನೆ ಇಲ್ಲದೆ ಪ್ಲಾಸ್ಟಿಕ್ ಮುಟ್ಟಿದಂತಾಗುತ್ತದೆ.

ಪಟ್ಟಿಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ. ಅಂಚು ನೇರವಾಗಿರಬೇಕು, ಅಲೆಅಲೆಯಾಗಿರಬಾರದು. ಅಗಲ ಅಳೆಯಿರಿ. ಸಾಮಾನ್ಯವಾಗಿ 47–48 ಮಿಲಿಮೀಟರ್ ಇರುತ್ತದೆ, ಭಾರ ಬಿದ್ದಾಗಲೂ 46ಕ್ಕಿಂತ ಕಡಿಮೆಯಾಗಬಾರದು ಎಂಬುದು ನಿಯಮ. ಒಂದು ಕಡೆ ಕಿರಿದಾಗಿದ್ದರೆ ಅಲ್ಲಿ ಎಳೆತ ಬಿದ್ದಿದೆ. ಕೆಲವು ಬೆಲ್ಟುಗಳ ಕೆಳತುದಿಯಲ್ಲಿ ಪಟ್ಟಿಯನ್ನು ಮಡಚಿ ಹೊಲಿದಿರುತ್ತಾರೆ. ಪೆಟ್ಟು ಬಿದ್ದಾಗ ಆ ಹೊಲಿಗೆ ಕಿತ್ತು ಪೆಟ್ಟಿನ ಜೋರನ್ನು ತಗ್ಗಿಸಲೆಂದೇ ಅದು. ಹೊಲಿಗೆ ಬಿಚ್ಚಿದ್ದರೆ, ಮಡಿಕೆಯೊಳಗಿನ ‘ಬೆಲ್ಟ್ ಬದಲಿಸಿ’ ಎಂಬ ಎಚ್ಚರಿಕೆಯ ಚೀಟಿ ಹೊರಗೆ ಕಾಣುತ್ತಿದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ, ತಗಡು ಬಾಗಿದ್ದರೆ ಅದೂ ಅಷ್ಟೇ.

ಗುರುತು ಕಾಣಲಿಲ್ಲ ಎಂದ ಮಾತ್ರಕ್ಕೆ ಅಪಘಾತವಾಗಿಲ್ಲ ಎಂದಲ್ಲ. ಅದಕ್ಕೇ ಬೆಲ್ಟಿಗಿಂತ ಮುಂಚೆ ಕಾರನ್ನು ನೋಡಿ. ಮುಂಭಾಗ ನಜ್ಜುಗುಜ್ಜಾಗಿದ್ದರೆ, ಸ್ಟೀರಿಂಗ್ ಬಾಗಿದ್ದರೆ, ಏರ್‌ಬ್ಯಾಗ್ ಹೊರಬಂದಿದ್ದರೆ ಅದರ ಯಾವ ಬೆಲ್ಟೂ ಬೇಡ. ಹಿಂದಿನ ಸೀಟಿನಲ್ಲಿ ಯಾರೂ ಕೂತಿರಲಿಲ್ಲ ಎಂಬುದಕ್ಕೆ ಗುಜರಿಯಲ್ಲಿ ಸಾಕ್ಷಿ ಇಲ್ಲ.

ಹಾಗಾದರೆ ಎಂಥ ಕಾರಿನಿಂದ ತೆಗೆಯುವುದು ಒಳ್ಳೆಯದು?

ವಯಸ್ಸಾಗಿ, ಇಂಜಿನ್ ಹೋಗಿ, ಆರ್‌ಸಿ ನವೀಕರಣಕ್ಕೆ ಖರ್ಚು ಮಾಡಲಾರದೆ ಮಾಲೀಕರು ಕೊಟ್ಟುಬಿಟ್ಟ ಕಾರು. ಬಾಡಿ ನೇರವಾಗಿರಬೇಕು, ಬೆಲ್ಟ್ ಇನ್ನೂ ಅದರ ಜಾಗದಲ್ಲೇ ಇರಬೇಕು, ಬಿಚ್ಚುವಾಗ ನೀವು ಪಕ್ಕದಲ್ಲಿರಬೇಕು. ಬೆಂಗಳೂರಿನಲ್ಲಿ ಶಿವಾಜಿನಗರದ ಕಡೆ ಹಳೆಯ ಬಿಡಿಭಾಗ, ಜೆ.ಸಿ. ರಸ್ತೆಯಲ್ಲಿ ಹೆಚ್ಚಾಗಿ ಹೊಸ ಬಿಡಿಭಾಗ. ಎಲ್ಲಿ ಹೋದರೂ ರಾಶಿಯಿಂದ ಎಳೆದು ಕೊಡುವ ಬೆಲ್ಟಿಗೆ ಊರೂ ಇಲ್ಲ, ಹೆಸರೂ ಇಲ್ಲ. ಅದನ್ನು ಅಲ್ಲೇ ಬಿಡಿ.

ಬೋಲ್ಟ್, ವಾಷರ್, ಬುಷ್‌ಗಳನ್ನೂ ಅದೇ ಕಾರಿನಿಂದ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ಕಾರಿನ ಮಾಡೆಲ್, ವರ್ಷ, ಯಾವ ಬದಿ ಎಂದು ಬರೆಸಿ.

ನೀರಿನಲ್ಲಿ ಮುಳುಗಿದ ಕಾರಿನದು?

ಬೇಡ. ರೀಲು ಪಿಲ್ಲರಿನ ತಳದಲ್ಲಿ, ಅಂದರೆ ನೆರೆನೀರು ಮೊದಲು ತಲುಪುವ ಜಾಗದಲ್ಲಿರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಎಷ್ಟೋ ಕಾರುಗಳು ನೆಲಮಾಳಿಗೆಯಲ್ಲೇ ಮುಳುಗಿದವು. ನೀರು ಒಣಗಿದರೂ ಹೂಳು ಬಟ್ಟಲಿನೊಳಗೆ ಗಟ್ಟಿಯಾಗಿ ಕೂತು ಗುಂಡು ಉರುಳದಂತೆ ಮಾಡುತ್ತದೆ. ಪಟ್ಟಿಯನ್ನು ತೊಳೆಯಬಹುದು, ರೀಲನ್ನು ಬಿಚ್ಚಿ ತೊಳೆಯಲು ಬರುವುದಿಲ್ಲ. ಒಳಗಿನ ಸುರುಳಿ ಸ್ಪ್ರಿಂಗ್ ಚಿಮ್ಮಿದರೆ ಕೈಗೆ ಗಾಯ, ಮತ್ತೆ ಮೊದಲಿನಂತೆ ಜೋಡಿಸುವುದು ಕಷ್ಟ.

ಇಲಿ ಕಡಿದಿದೆ, ಅಂಚು ಮಾತ್ರ. ಹೊಲಿಸಿದರೆ ಸಾಕಲ್ಲವೇ?

ಸಾಲದು. ಪಟ್ಟಿ ಕನಿಷ್ಠ ಸುಮಾರು 1,500 ಕಿಲೊ ಎಳೆತ ತಡೆಯುವಂತೆ ನೇಯ್ದಿರುತ್ತದೆ. ಅಂಚಿನಲ್ಲಿ ಸೀಳಿದ್ದರೆ ಎಳೆತ ಬಿದ್ದಾಗ ಹರಿಯಲು ಶುರುವಾಗುವುದೇ ಅಲ್ಲಿಂದ. ಮೇಲೆ ಹೊಲಿದರೆ ಸೂಜಿ ಇನ್ನಷ್ಟು ನೂಲನ್ನು ಕತ್ತರಿಸುತ್ತದೆ. ಸೀಟ್ ಕವರ್ ಅಂಗಡಿಯ ದಾರಕ್ಕೂ ಕಾರ್ಖಾನೆಯ ಹೊಲಿಗೆಗೂ ಹೋಲಿಕೆಯೇ ಇಲ್ಲ. ಬೀಡಿ, ಸಿಗರೇಟಿನ ಕಿಡಿ ಬಿದ್ದ ತೂತಿಗೂ ಇದೇ ಉತ್ತರ. ಬಣ್ಣ ಹಾಕಿಸುವುದೂ ಬೇಡ.

ಪ್ರಿಟೆನ್ಷನರ್ ಎಂದರೇನು? ಅದನ್ನು ಏಕೆ ಹಳೆಯದು ತರಬಾರದು?

ಡಿಕ್ಕಿಯಾದ ಕೂಡಲೇ ಸಣ್ಣ ಮದ್ದು ಸಿಡಿದು ಬೆಲ್ಟನ್ನು ಒಳಕ್ಕೆ ಬಿಗಿಯುವ ವ್ಯವಸ್ಥೆ. ಒಮ್ಮೆ ಸಿಡಿದರೆ ಮುಗಿಯಿತು. ರೀಲಿಗೆ ಅಂಟಿದ ಲೋಹದ ಕೊಳವೆ, ಅದಕ್ಕೆ ಬರುವ ವೈರು, ಬಹುತೇಕ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಪ್ರಿಟೆನ್ಷನರ್ ಬೆಲ್ಟ್.

ಸಿಡಿದ ರೀಲಿನ ಪಟ್ಟಿ ಸಾಮಾನ್ಯವಾಗಿ ಅಲ್ಲಾಡದೆ ಸಿಕ್ಕಿಹಾಕಿಕೊಂಡಿರುತ್ತದೆ. ಸಿಡಿಯದ ರೀಲು ಇನ್ನೂ ಜೀವಂತ ಮದ್ದು. ಅದನ್ನು ಬೀಳಿಸುವುದು, ಬಿಸಿಲಲ್ಲಿ ರಾಶಿ ಹಾಕುವುದು, ಮಲ್ಟಿಮೀಟರ್ ಹಚ್ಚಿ ಪರೀಕ್ಷಿಸುವುದು ಎಲ್ಲವೂ ಅಪಾಯ. ಮಲ್ಟಿಮೀಟರಿನ ಸಣ್ಣ ಕರೆಂಟೇ ಅದನ್ನು ಸಿಡಿಸಬಹುದು. ಪ್ರಿಟೆನ್ಷನರ್ ಇದ್ದ ಜಾಗಕ್ಕೆ ಸಾದಾ ಬೆಲ್ಟ್ ಹಾಕಿದರೆ ಏರ್‌ಬ್ಯಾಗ್ ದೀಪ ಉರಿಯುತ್ತಲೇ ಇರುತ್ತದೆ. ರೆಸಿಸ್ಟರ್ ಸಿಕ್ಕಿಸಿ ಆ ದೀಪ ಆರಿಸಿಕೊಡುವವರಿದ್ದಾರೆ. ದೀಪ ಆರುತ್ತದೆ, ರಕ್ಷಣೆ ಬರುವುದಿಲ್ಲ.

ಬಕಲ್ ಮಾತ್ರ ಕೆಟ್ಟಿದೆ.

ಬಕಲ್ ಬೇರೆಯಾಗಿ ಸಿಗುತ್ತದೆ, ಆದರೆ ನಿಮ್ಮ ಬೆಲ್ಟಿನ ನಾಲಿಗೆಗೆ ಹೊಂದುವ ಬಕಲೇ ಬೇಕು. ಬೇರೆ ಕಂಪನಿಯ ನಾಲಿಗೆ ಒಳಗೆ ಹೋಗಿ ‘ಕ್ಲಿಕ್’ ಎಂದರೂ ಕೊಕ್ಕೆ ಪೂರ್ತಿ ಕೂತಿರಲಿಕ್ಕಿಲ್ಲ. ಇಪ್ಪತ್ತು ಸಲ ಹಾಕಿ, ಪ್ರತಿ ಸಲವೂ ಜಗ್ಗಿ, ಕೆಂಪು ಗುಂಡಿ ಒತ್ತಿ. ಒಂದೇ ಸಲ ಜಾರಿದರೂ ತಿರಸ್ಕರಿಸಿ. 2019ರ ಜುಲೈ 1ರಿಂದ ಮುಂದಿನ ಎರಡೂ ಸೀಟಿಗೆ ಬೆಲ್ಟ್ ಎಚ್ಚರಿಕೆಯ ವ್ಯವಸ್ಥೆ ಕಡ್ಡಾಯವಾದ್ದರಿಂದ, ಆ ನಂತರದ ಕಾರುಗಳ ಬಕಲಿನೊಳಗೆ ಸ್ವಿಚ್ ಇರುತ್ತದೆ. ವೈರಿಲ್ಲದ ಹಳೆಯ ಬಕಲ್ ತಂದರೆ ಬೀಪ್ ನಿಲ್ಲುವುದಿಲ್ಲ.

ಬೀಪ್ ನಿಲ್ಲಿಸಲು ಬರೀ ನಾಲಿಗೆಯಂಥ ಕ್ಲಿಪ್ ಮಾರುವವರಿದ್ದಾರೆ. ಅದನ್ನು ಕೊಳ್ಳಬೇಡಿ. 2023ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಅಂಥ ಕ್ಲಿಪ್‌ಗಳನ್ನು ತೆಗೆದುಹಾಕಲು ಆದೇಶಿಸಿತು.

ಚೀಟಿಯ ಮೇಲಿನ ಅಕ್ಷರಗಳ ಅರ್ಥವೇನು?

ವೃತ್ತದೊಳಗೆ ಇಂಗ್ಲಿಷಿನ ‘ಇ’ ಮತ್ತು ಒಂದು ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ನಿಯಮಾವಳಿಯಂತೆ ಒಪ್ಪಿಗೆ ಪಡೆದ ಬೆಲ್ಟ್. ಪಕ್ಕದಲ್ಲಿರುವ ‘ಎ’ ಎಂದರೆ ಭುಜ, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್, ‘ಬಿ’ ಎಂದರೆ ಸೊಂಟದ್ದು ಮಾತ್ರ. ‘ಆರ್’ ಎಂದರೆ ರೀಲು ಇದೆ, ‘ಎಂ’ ಎಂದರೆ ಕಾರಿನ ವೇಗ ಕುಸಿದಾಗಲೂ ಪಟ್ಟಿ ಜಗ್ಗಿದಾಗಲೂ ಲಾಕ್ ಆಗುತ್ತದೆ, ‘ಪಿ’ ಎಂದರೆ ಪ್ರಿಟೆನ್ಷನರ್ ಇದೆ. ನಮ್ಮ ದೇಶದ ಮಾನದಂಡ ಐಎಸ್ 15140. ಚೀಟಿಯನ್ನೇ ಕತ್ತರಿಸಿ ತೆಗೆದ ಬೆಲ್ಟನ್ನು ಕೊಳ್ಳಬೇಡಿ.

ಅಳವಡಿಸುವಾಗ ಎಲ್ಲಿ ತಪ್ಪಾಗುತ್ತದೆ?

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಏರ್‌ಬ್ಯಾಗ್ ಇರುವ ಕಾರಾದರೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಸೀಟನ್ನು ಮುಂದಕ್ಕೆ ಸರಿಸಿ, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್, ರಬ್ಬರ್, ಪಿಲ್ಲರಿನ ಕೆಳಗಿನ ಹೊದಿಕೆ ಎಂಬ ಕ್ರಮದಲ್ಲಿ ತೆಗೆಯಿರಿ. ಪ್ರತಿ ಬೋಲ್ಟ್ ಬಿಚ್ಚುವ ಮುಂಚೆ ಫೋಟೊ ತೆಗೆದುಕೊಳ್ಳಿ. ವಾಷರ್, ಬುಷ್‌ಗಳ ಕ್ರಮ ತಪ್ಪಿದರೆ ಭುಜದ ಬಳೆ ಬಿಗಿದುಕೊಂಡು ತಿರುಗುವುದಿಲ್ಲ. ಅದು ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಆಡಬೇಕು.

ಸಾಮಾನ್ಯವಾಗಿ ಕೆಡುವುದು ಬೋಲ್ಟಿನಲ್ಲಿ. ಸೀಟ್ ಬೆಲ್ಟಿನ ಬೋಲ್ಟ್ ಬಹುತೇಕ 7/16 ಇಂಚಿನದು, ಇಂಚಿಗೆ 20 ಎಳೆಯ ಯುಎನ್‌ಎಫ್ ಎಂಬ ಇಂಚಿನ ಅಳತೆಯ ಸಣ್ಣ ಥ್ರೆಡ್. ದಪ್ಪ ಸುಮಾರು 11.1 ಮಿಲಿಮೀಟರ್. ಹಾರ್ಡ್‌ವೇರ್ ಅಂಗಡಿಯ 12 ಎಂಎಂ ಬೋಲ್ಟನ್ನು ಬಲವಂತಕ್ಕೆ ತಿರುಗಿಸಿದರೆ ಬಾಡಿಗೆ ವೆಲ್ಡ್ ಆಗಿರುವ ನಟ್ಟೇ ಹಾಳು. ಮೊದಲ ನಾಲ್ಕು ಸುತ್ತು ಕೈಯಲ್ಲೇ ಹೋಗಬೇಕು, ಆಮೇಲೆ ಸ್ಪ್ಯಾನರ್. ಸುಝುಕಿಯ ಹಲವು ಸಣ್ಣ ಕಾರುಗಳಿಗೆ ಬಿಗಿತ 35 ನ್ಯೂಟನ್ ಮೀಟರ್. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ನೋಡಿಕೊಂಡು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ಬಿಗಿಯುವ ಮುಂಚೆ ರೀಲಿನಿಂದ ಕೆಳತುದಿಯವರೆಗೆ ಪಟ್ಟಿಯ ಮೇಲೆ ಕೈಯಾಡಿಸಿ, ಎಲ್ಲೂ ತಿರುಚಿರಬಾರದು.

ಕರಾವಳಿಯ ಕಾರಾದರೆ ಬೋಲ್ಟ್ ಕೂರುವ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಹೊಸ್ತಿಲ ಒಳಗಡೆ ತುಕ್ಕು ಹಿಡಿದು ಬಿಸ್ಕತ್ತಿನಂತೆ ಉದುರುತ್ತದೆ. ಅಂಥ ತಗಡಿಗೆ ಎಷ್ಟು ಒಳ್ಳೆಯ ಬೆಲ್ಟ್ ಹಾಕಿದರೂ ಅಪಘಾತದಲ್ಲಿ ಬೋಲ್ಟ್ ಸಮೇತ ಕಿತ್ತುಬರುತ್ತದೆ. ಮೊದಲು ಬಾಡಿ ಕೆಲಸ, ಆಮೇಲೆ ಬೆಲ್ಟ್.

ಕೆಲಸ ಮುಗಿದ ಮೇಲೆ ಪರೀಕ್ಷೆ?

ಹಿಂದೆ ಮುಂದೆ ಯಾರೂ ಇಲ್ಲದ ಖಾಲಿ, ಒಣ ಜಾಗದಲ್ಲಿ ಗಂಟೆಗೆ 15–20 ಕಿಲೊಮೀಟರ್ ವೇಗದಲ್ಲಿ ಹೋಗಿ ಗಟ್ಟಿಯಾಗಿ ಬ್ರೇಕ್ ಹಾಕಿ. ಬೆಲ್ಟ್ ಎದೆಯನ್ನು ಹಿಡಿಯಬೇಕು. ಕಾರು ನಿಂತ ಮೇಲೆ ಬಿಡಬೇಕು. ಸಾಧಾರಣ ತಿರುವಿನಲ್ಲಿ, ಹಂಪ್ ಮೇಲೆ ಪದೇ ಪದೇ ಲಾಕ್ ಆಗುತ್ತಿದ್ದರೆ ರೀಲಿನ ಕೋನ ತಪ್ಪಿದೆ, ವಾಪಸ್ ಬಿಚ್ಚಿ ನೋಡಿ.

ಬೆಲ್ಟ್ ಇಲ್ಲದೆ ಸಿಕ್ಕಿಬಿದ್ದರೆ?

ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 1,000 ರೂಪಾಯಿ ದಂಡ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೂ ಅಷ್ಟೇ ದಂಡ. ಹಿಂದಿನ ಸೀಟಿನ ಬೆಲ್ಟ್ ಕೆಟ್ಟಿದ್ದರೆ ಅದನ್ನೂ ಇದೇ ಕಾಳಜಿಯಿಂದ ಬದಲಿಸಿ. ಮಕ್ಕಳು ಕೂರುವುದು ಅಲ್ಲೇ.

ತೆಗೆದ ಹಳೆಯ ಬೆಲ್ಟನ್ನು ಏನು ಮಾಡಲಿ?

ಗಟ್ಟಿ ಕತ್ತರಿಯಿಂದ ಪಟ್ಟಿಯನ್ನು ಎರಡು ಕಡೆ ಕತ್ತರಿಸಿ, ನಾಲಿಗೆಯನ್ನು ಬೇರ್ಪಡಿಸಿ, ಆಮೇಲೆ ಗುಜರಿಗೆ ಹಾಕಿ. ಇಡಿಯಾಗಿ ಕೊಟ್ಟರೆ ಅದು ತೊಳೆಸಿಕೊಂಡು ಇನ್ನೊಬ್ಬರ ಕಾರಿಗೆ ಹೋಗಿಬಿಡಬಹುದು. ಸಿಡಿಯದ ಪ್ರಿಟೆನ್ಷನರ್ ಇದ್ದರೆ ಕಸಕ್ಕೂ ಬೆಂಕಿಗೂ ಹಾಕದೆ ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಒಪ್ಪಿಸಿ.